ನಿಮ್ಮತ್ತಿ ಕರಡಿಗಿ ಸಿಕ್ಕದ

ನಮ್ಮ ನೀಲಮ್ಮ ಅತ್ತಿ, ಅಂದರೆ ಅಪ್ಪನ ತಂಗಿ, ಕರಡಿಯ ಹಾಗೆ ಉಸಿರೆಳೆಯುತ್ತಿದ್ದಳು. ನಿದ್ದೆಯಲ್ಲಲ್ಲ ಮತ್ತೆ, ಹಾಡುಹಗಲೇ, ನಾಲ್ಕು ಮಂದಿಯ ನಡುವೆ! ಹುತ್ತ ಕೆದರಿದ ಕರಡಿ ಮೊದಲು ಫೂ ಎಂದು ಮಣ್ಣು ಊದಿ, ಆಮೇಲೆ ಸರ್ರನೆ ಗೆದ್ದಲು ಹೀರುತ್ತದಲ್ಲ, ಆ ಸದ್ದು. ತುಟಿ ಚೂಪು ಮಾಡಿ, ಕೊರಳು ಮುಂದೆ ಚಾಚಿ ಆಕೆ ಹೀರಿದಳೆಂದರೆ ತೊಟ್ಟಿಲ ಕೂಸೂ ಅಳು ನಿಲ್ಲಿಸಿ ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

ನನ್ನನ್ನು ನೋಡಲು ಶಹಾಬಾದಿನಿಂದ ಗಂಡಿನವರು ನಮ್ಮೂರು ವಾಡಿಗೆ ಬಂದಿದ್ದರು. "ಹುಡುಗಿಗಿ ಹಾಡು ಬರ್ತದೇನ್ರಿ?" ಎಂದು ಗಂಡಿನ ತಾಯಿ ಕೇಳಿದ್ದೇ ತಪ್ಪಾಯಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತಿ, "ನಮ್ಮ ಮನ್ಯಾಗ ಹಾಡು ಯಾರಿಗೂ ಬರಂಗಿಲ್ರಿ. ನನಗ ಕರಡಿ ಬರ್ತದ, ಕೇಳ್ರಿ" ಎಂದು ಶುರು ಹಚ್ಚಿಯೇಬಿಟ್ಟಳು. ಆ ತಾಯಿಯ ಕೈಯಲ್ಲಿದ್ದ ಚಹಾ ಸೀರೆಯ ಪಾಲಾಯಿತು. ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಹುಡುಗ ಮಾತ್ರ ಬಿದ್ದು ಬಿದ್ದು ನಕ್ಕ. ಆ ನಗು ಕಂಡೇ ನಾನು ಹೂಂ ಅಂದದ್ದು, ಸುಳ್ಳೇಕೆ ಹೇಳಲಿ.

ಅತ್ತಿಯನ್ನು ಕೊಟ್ಟಿದ್ದ ಊರು ಚಿಂಚೋಳಿಯ ಅಡವಿಗೆ ಹತ್ತಿಕೊಂಡೇ ಇದೆ. ಗಂಡ ತೀರಿಕೊಂಡ ಮೇಲೂ ಅಲ್ಲೇ ಇದ್ದಳು. ಒಂದು ತುಂಡು ತೊಗರಿ ಹೊಲ, ಮಿಕ್ಕ ಹೊತ್ತೆಲ್ಲ ಅಡವಿ. ಬಾರಿಹಣ್ಣು, ಸೀತಾಫಲ, ಯಾವ ಕಾಲಕ್ಕೆ ಯಾವುದೋ ಅದನ್ನು ಬುಟ್ಟಿ ತುಂಬಿ ತರುವುದು, ಬಸ್ ಸ್ಟ್ಯಾಂಡಿನಲ್ಲಿ ಮಾರುವುದು. ಆ ಹಣ್ಣುಗಳಿಗೆಲ್ಲ ಕರಡಿಯೂ ಪಾಲುದಾರ. ಒಮ್ಮೆ ಪೊದೆಯ ಆಚೆ ಮಗ್ಗುಲಲ್ಲಿ ಕರಡಿ, ಈಚೆ ಮಗ್ಗುಲಲ್ಲಿ ಈಕೆ. "ನೀ ಆ ಕಡಿ ತಿನ್ನವ್ವಾ, ನಾ ಈ ಕಡಿ ಹರ್ಕೋತೀನಿ ಅಂದೆ. ಎದ್ದು ನಿಂತು ನೋಡ್ತು. ಅದಕ್ಕ ಕಣ್ಣು ಮಂದ, ಪಾಪ. ಮೂಸಿತು, ಈಕಿ ನಮ್ಮಾಕಿನೇ ಬಿಡು ಅಂತ ಹೋಯ್ತು" ಎಂದು ನಮಗೆ ಹೇಳುತ್ತಿದ್ದಳು. ಎಷ್ಟು ಖರೆಯೋ ಎಷ್ಟು ಸುಳ್ಳೋ ಆ ಕರಡಿಯನ್ನೇ ಕೇಳಬೇಕು.

ಚಿಕ್ಕಂದಿನಲ್ಲಿ, ಕರಡಿ ಆಡಿಸುವವರು ಊರೂರು ತಿರುಗುತ್ತಿದ್ದ ಕಾಲದಲ್ಲಿ, ಅಂಜಿಕೆ ಬಿಡಲೆಂದು ಆಕೆಯನ್ನು ಕರಡಿಯ ಬೆನ್ನ ಮೇಲೆ ಕೂಡಿಸಿದ್ದರಂತೆ. "ಮೂಗಿಗಿ ಹಗ್ಗ ಪೋಣಿಸಿದ್ರು. ಕಣ್ಣಾಗ ನೀರು ಸೋರ್ತಿತ್ತು. ನಂದು ಅಂಜಿಕಿ ಹೋಯ್ತು ಬಿಡು, ಅದರದ್ದು ಹೋಗಲಿಲ್ಲ" ಎನ್ನುವಾಗ ಮಾತ್ರ ಆಕೆಯ ನಗು ನಿಂತುಬಿಡುತ್ತಿತ್ತು. ಕರಡಿ ಹೆಂಗಸರನ್ನು ಹೊತ್ತೊಯ್ಯುತ್ತದೆಂದು ಯಾರಾದರೂ ಕಥೆ ತೆಗೆದರೋ, ಮುಗಿಯಿತು. "ಒಯ್ದು ಏನ್ ಮಾಡ್ತದ? ರೊಟ್ಟಿ ಬಡಸ್ಕೋತದೇನು? ಅದಕ್ಕಂತ ಹೊತ್ತೊಯ್ಯೋದು ನಿಮ್ಮ ಗಂಡಸರ ಜಾತಿ!"

ಅಪ್ಪನಿಗೆ ಈ ಮಾತುಗಳೆಂದರೆ ಮೈ ಉರಿ. ಆತ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು, ಎಲ್ಲವೂ ಹಳಿಯ ಮೇಲೇ ಹೋಗಬೇಕು. ತಂಗಿಯನ್ನು ಹಟ ಮಾಡಿ ವಾಡಿಗೆ ಕರೆತಂದು ಇಟ್ಟುಕೊಂಡ. ಆಕೆ ಕಾಲು ಸುಟ್ಟ ಬೆಕ್ಕಿನಂತೆ ಮನೆಯ ಒಳಗೂ ಹೊರಗೂ ತಿರುಗಿ ತಿರುಗಿ, ವಾರ ತುಂಬುವ ಮೊದಲೇ ಸೇಡಂ ಬಸ್ಸು ಹತ್ತಿಬಿಟ್ಟಳು. ಬಸ್ಸಿನ ಕಿಟಕಿಗೆ ಬಾಯಿಟ್ಟು ಅಪ್ಪ ಕೂಗಿದ, "ಇನ್ನ ಕರಡಿ ಬಾಯಿಗಿ ಬಿದ್ರೂ ನಾ ಬರಂಗಿಲ್ಲ ನೋಡು!" ಅತ್ತಿಯೂ ಅವನ ತಂಗಿಯೇ ಅಲ್ಲವೇ, "ಕರೆದವರ್ಯಾರು?" ಎಂದಳು. ಅಲ್ಲಿಗೆ ಮಾತು ನಿಂತಿತು. ಹಬ್ಬಗಳು ಬಂದವು, ಹೋದವು, ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡಲಿಲ್ಲ. ಅಪ್ಪ ಮಾತ್ರ ಪೇಪರಿನಲ್ಲಿ ಚಿಂಚೋಳಿಯ ಸುದ್ದಿ ಬಂದರೆ ಕನ್ನಡಕ ಹುಡುಕಾಡುತ್ತಿದ್ದ. ನಡುವೆ ಸಿಕ್ಕಿ ಸಾಯುವವಳು ನಾನು.

ಅಂಥದ್ದರಲ್ಲೇ ಒಂದು ಮುಂಜಾನೆ ಫೋನು. ನಾನು ತವರಿನಲ್ಲಿದ್ದೆ, ನನ್ನ ಗಂಡನೂ ಜೊತೆಗಿದ್ದ. ಆ ಕಡೆಯಿಂದ ಅತ್ತಿಯ ನೆರೆಮನೆಯ ಮಾಣಿಕಪ್ಪ ಏದುಸಿರು ಬಿಡುತ್ತ ಹೇಳಿದ, "ಅಕ್ಕಾರ, ನಿಮ್ಮತ್ತಿ ಕರಡಿಗಿ ಸಿಕ್ಕದರಿ! ಅಡವ್ಯಾಗ, ಹುತ್ತಿನ ಬಾಜೂಕ…" ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲೇ ಇಲ್ಲ.

ನಮ್ಮ ಕಡೆ ಹೆಂಗಸರನ್ನೂ ಬಂದಾಳ, ಹೋಗ್ಯಾಳ ಎನ್ನದೆ ಬಂದದ, ಹೋಗ್ಯದ ಎಂದೇ ಅನ್ನುವುದು. ಹಾಗಾಗಿ ಆ ಮಾತಿಗೆ ಇನ್ನೊಂದು ಅರ್ಥವಿದ್ದೀತು ಎಂದು ಯಾರಿಗೆ ಹೊಳೆಯಬೇಕು? ಅಪ್ಪನಿಗೆ ಹೇಗೆ ಹೇಳಿದೆನೋ ಗೊತ್ತಿಲ್ಲ. ಆತ ಬರಿಗಾಲಲ್ಲೇ ಹೋಗಿ ಕಾರಿನಲ್ಲಿ ಕುಳಿತ. ನನ್ನ ಗಂಡ ಗಾಡಿ ಓಡಿಸಿದ. ಚಿತ್ತಾಪುರ ದಾಟಿದೆವು. ಸೇಡಂ ಹತ್ತಿರ ಸಿಮೆಂಟಿನ ಲಾರಿಗಳ ಸಾಲು, ಗಾಡಿ ಮುಂದಕ್ಕೆ ಹೋಗದು. ಆಗ ಅಪ್ಪ ಮುಂದಿನ ಸೀಟಿಗೆ ಹಣೆ ಬಡಿದುಕೊಂಡು ಅತ್ತ. "ಸಣ್ಣದಿದ್ದಾಗ ನನ್ನ ಬೆನ್ನ ಮ್ಯಾಲಿಂದ ಇಳೀತಿದ್ದಿಲ್ಲವ್ವಾ ಅದು. ನಾನೇ ಬಾಯಿಲೆ ಅಂದು ಕೊಂದೆ. ಕರಡಿ ಬಾಯಿ ಅಂತ ನಾನೇ ಅಂದಿದ್ದೆ!" ಎಪ್ಪತ್ತರ ಹತ್ತಿರದ ಗಂಡಸು ಹಾಗೆ ಅಳುವುದನ್ನು ನಾನು ಎಂದೂ ಕಂಡಿರಲಿಲ್ಲ. ಹಾಳು ಲಾರಿಗಳು, ಒಂದಾದರೂ ಸರಿಯಬೇಕಲ್ಲ!

ಅತ್ತಿಯ ಮನೆ ಮುಂದೆ ಮಂದಿ ನೆರೆದಿತ್ತು. ಅದನ್ನು ಕಂಡದ್ದೇ ಅಪ್ಪ "ಅಯ್ಯೋ ನೀಲಾ!" ಎಂದು ಹೊಯ್ದುಕೊಳ್ಳುತ್ತ, ಅಡ್ಡ ಬಂದವರನ್ನು ತಳ್ಳಿ ಒಳಗೆ ನುಗ್ಗಿದ.

ಒಳಗೆ ಅತ್ತಿ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಿದ್ದಳು. ಒಂದೇ ಕಣ್ಣು ತೆರೆದು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಂದ್ಯಾ? ಶಿವಪೂಜ್ಯಾಗ ಕರಡಿ ಬಿಟ್ಟಂಗ! ಹೊರಗ ಕುಂದ್ರು ಹೋಗು."

ಆದದ್ದಿಷ್ಟು. ಲಿಂಗವನ್ನಿಟ್ಟು ಕೊರಳಲ್ಲಿ ಧರಿಸುವ ಬೆಳ್ಳಿಯ ಕರಡಿಗೆ ಇರುತ್ತದಲ್ಲ, ನಮ್ಮ ಬಾಯಲ್ಲಿ ಅದು ಕರಡಿಗಿ. ಹಿಂದಿನ ದಿನ ಬಾರಿಗಿಡದ ಮುಳ್ಳಿಗೆ ಶಿವದಾರ ಸಿಕ್ಕಿ ಹರಿದು, ಅತ್ತಿಯ ಕರಡಿಗಿ ಅಡವಿಯಲ್ಲಿ ಬಿದ್ದುಹೋಗಿತ್ತು. ಲಿಂಗವಿಲ್ಲದೆ ಹನಿ ನೀರೂ ಒಲ್ಲೆನೆಂದು ಆಕೆ ಕುಳಿತಳು. ಊರೆಲ್ಲ ಹುಡುಕಿತು. ಕಡೆಗೆ ಕರಡಿ ಹೊಸದಾಗಿ ಕೆದರಿದ ಹುತ್ತದ ಮಣ್ಣಿನಲ್ಲಿ ಮಾಣಿಕಪ್ಪನಿಗೇ ಸಿಕ್ಕಿತು. ಅತ್ತಿಯ ಕರಡಿಗಿ ಸಿಕ್ಕದ! ಪಾಪ, ಖುಷಿ ತಡೆಯಲಾರದೆ ಫೋನು ಮಾಡಿದ್ದ. "ಹೆಕ್ಕಿ ತೆಗೆದಿಟ್ಟಿದ್ದು ಕರಡೀನೇ, ಮಾಣಿಕಪ್ಪ ಬರೇ ತಂದುಕೊಟ್ಟಾನ" ಎಂಬುದು ಅತ್ತಿಯ ವಾದ. ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಪೂಜೆ ಮುಗಿಸಿ ಆಕೆ ರೊಟ್ಟಿಯ ತಾಟು ಹಿಡಿದು ಹೊರಗೆ ಬಂದಳು. ಅಪ್ಪ ಕಟ್ಟೆಯ ಮೇಲೆ ತಲೆ ಬಗ್ಗಿಸಿ ಕುಳಿತಿದ್ದ.

"ಕರಡಿ ಬಾಯಿಗಿ ಬಿದ್ರೂ ಬರಂಗಿಲ್ಲ ಅಂದಿದ್ದೆಲ್ಲಣ್ಣಾ?"

"ಬಾಯಿ ಮುಚ್ಕೊಂಡು ಉಣ್ಣು."

ರೊಟ್ಟಿ ಮುರಿದು, ಪುಂಡಿಪಲ್ಯದಲ್ಲಿ ಅದ್ದಿ, ಮೊದಲ ತುತ್ತು ಆತನೇ ಆಕೆಯ ಬಾಯಿಗಿಟ್ಟ. ತುತ್ತಿನ ಜೊತೆಗೇ ಆಕೆ ಅವನ ಬೆರಳನ್ನೂ ಕಚ್ಚಿದಳು. ಆತ ಬೈದ. ಆಮೇಲೆ ದಿನಾ ಫೋನು. ಉಂಡ್ಯಾ, ಎಲ್ಲಿದ್ದಿ, ಕರಡಿ ಹ್ಯಾಂಗದ, ಇಷ್ಟೇ ಮಾತು. ಒಂದು ದಿನ ತಪ್ಪಿದರೆ ಅಪ್ಪ ಮನೆಯವರ ಜೀವ ತಿನ್ನುತ್ತಿದ್ದ.

ಈ ಸಲದ ಚಳಿಗಾಲದಲ್ಲಿ ಮಾಣಿಕಪ್ಪ ಮತ್ತೆ ಫೋನು ಮಾಡಿದ. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲವಂತೆ. "ನಿಮ್ಮತ್ತಿ ಹೋಗ್ಯದರಿ, ಅಕ್ಕಾರ" ಎಂದ. ನಾನು ಅದನ್ನೇ ಅಪ್ಪನಿಗೆ ಹೇಳಿದೆ.

"ಎಲ್ಲಿಗಿ ಹೋಗ್ಯದ?" ಎಂದ ಅಪ್ಪ.

ನಾನು ಗಂಡನಿಗೆ ಗಾಡಿ ತೆಗೆಯೆಂದೆ.

"ಬರಾಬರ್ ಕೇಳಬೇಕು. ಹ್ವಾದ ಸಲಾನೂ ನೀವು ಹಿಂಗೇ ಏನೇನೋ ಕೇಳಿಸ್ಕೊಂಡ್ರಿ" ಎಂದು ಮೈಮೇಲೆ ಅಂಗಿ ಹಾಕಿಕೊಂಡ. ಈ ಸಲ ಆತ ಅಳಲಿಲ್ಲ. ಚಿತ್ತಾಪುರದಲ್ಲಿ ಗಾಡಿ ನಿಲ್ಲಿಸೆಂದ. ಖಾಲಿ ಕೈಯಲ್ಲಿ ಹೋದರೆ ಬೈಯುತ್ತಾಳೆಂದು ಬಾಳೆಹಣ್ಣು ಕೊಂಡ. ಸೇಡಂ ದಾಟಿದ ಮೇಲೆ ಮಾಣಿಕಪ್ಪನಿಗೆ ಮತ್ತೊಮ್ಮೆ ಫೋನು ಹಚ್ಚೆಂದ. ನಾನು ಹಚ್ಚಲಿಲ್ಲ.

ಮನೆ ಮುಂದೆ ಮಂದಿ ನೆರೆದಿತ್ತು. ನಮ್ಮಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಅತ್ತಿಯನ್ನೂ ಕೂಡಿಸಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಹೆಂಗಸರು ಸುತ್ತ ಕುಳಿತು ಅಳುತ್ತಿದ್ದರು. ಅಪ್ಪ ಹೊಸ್ತಿಲಲ್ಲಿ ನಿಂತು ನೋಡಿದ. ಆಮೇಲೆ ಕೈಯೆತ್ತಿ ಎಲ್ಲರನ್ನೂ ಗದರಿದ, ಮೆಲುದನಿಯಲ್ಲೇ.

"ಗದ್ಲ ಮಾಡಬ್ಯಾಡ್ರಿ. ಪೂಜಿಗಿ ಕುಂತದ."

ಬಾಳೆಹಣ್ಣಿನ ಚೀಲ ಹಿಡಿದುಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತ. ಮಣ್ಣಿಗೆ ಒಯ್ಯುವ ಹೊತ್ತಾಯಿತೆಂದು ನಾನು ಕರೆಯಹೋದರೆ, "ಮುಗೀತಾ?" ಎಂದು ಕೇಳಿದ.