ಕಲ್ಲಂಗಡಿ ಹಿಡಿಯುತ್ತಿದ್ದವನ ಕಣ್ಣು

ತುಕಾರಾಮ, ನಿನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂಬ ಸುಳ್ಳನ್ನು ಹುಟ್ಟಿಸಿದವನು ನಾನು.

ತೊಂಬತ್ತರ ದಶಕದ ಕೊನೆ. ಹುಮನಾಬಾದಿನಲ್ಲಿ ಎತ್ತಿನ ದಲಾಲಿ ಮಾಡುತ್ತಲೇ ಊರಿನ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನೂ ಹುಡುಕುತ್ತಿದ್ದೆ. ಯಾರೂ ತಿರುಗಿ ನೋಡದವರನ್ನು ಆರಿಸುವುದು ನನ್ನ ಚಟ. ಕೊಹಿನೂರ ಹಳ್ಳಿಯ ಹೊಲದಲ್ಲಿ ನೀನು ಲಾರಿಯ ಮೇಲೆ ನಿಂತು, ಕೆಳಗಿನಿಂದ ಎಸೆದ ಕಲ್ಲಂಗಡಿ ಹಿಡಿಯುತ್ತಿದ್ದೆ — ಒಂದೂ ಬೀಳಲಿಲ್ಲ. ಇವನೇ ನಮ್ಮ ಗೋಲ್‌ಕೀಪರ್! ತಂಡಕ್ಕೆ ಬಾ ಎಂದು ಅಲ್ಲೇ ಕರೆದೆ.

ಕೆಲಸ ಮುಗಿಸಿ ಅಲ್ಲೇ ಅಂಗಾತ ಮಲಗಿ ಕೇಳಿದೆಯಲ್ಲ: "ಸಾವ್ಕಾರ್ರೆ, ಬಿಸ್ಲ ಬೆಳ್ಳಗದ, ಗಾಳಿಗಿ ಬಣ್ಣಾನೇ ಇಲ್ಲ. ಮತ್ತ ಮುಗಿಲ್ಯಾಕ ನೀಲಿ ಅದ?"

"ಮುಗಿಲ್ ಬಿಡೋ ಮಾರಾಯಾ, ಚೆಂಡ್ ನೋಡು." ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಹಾಗೆಂದೆ.

ಬಸವಕಲ್ಯಾಣ ತಂಡದ ಶರಣಪ್ಪನೂ ಅಂದು ನಿನ್ನನ್ನೇ ನೋಡುತ್ತಿದ್ದ. ಸಂತೆಯಲ್ಲಿ ನಮಗೆ ಬೇಕಾದ ಎತ್ತನ್ನು ನಾವು ಹೊಗಳುವುದಿಲ್ಲ. ಕುಂಟು ಅನ್ನುತ್ತೇವೆ, ಕಣ್ಣಿಗೆ ಪೊರೆ ಬಂದಿದೆ ಅನ್ನುತ್ತೇವೆ — ಪಕ್ಕದ ಗಿರಾಕಿ ಸರಿದುಹೋಗಲಿ ಎಂದು. ಅದೇ ಬಾಯಿಗೆ ಬಂತು.

"ಇವಂದು ಕಣ್ಣ ಸರಿ ಇಲ್ಲ್ರಿ. ದಿನಾ ಮುಗಿಲ್ ನೋಡಿ ನೋಡಿ ಕೆಟ್ಟಾವ."

"ಹಂಗಾದ್ರ ಈ ಕುರುಡ್ ಹೋರಿ ನೀವೇ ಹೊಡ್ಕೊಂಡ್ ಹೋಗ್ರಿ!" ಶರಣಪ್ಪ ನಕ್ಕು ಹೊರಟ.

ಮರುವಾರ ನಿನ್ನನ್ನು ಹುಮನಾಬಾದಿಗೆ ಕರೆತಂದೆ. ನನ್ನ ಸುಳ್ಳು ನಮಗಿಂತ ಮೊದಲೇ ಬಂದು ಕೂತಿತ್ತು. "ಕಣ್ಣ್ ಕಾಣದವಂಗ ಗೋಲಿಗಿ ನಿಂದ್ರಸ್ತೀರೇನ್ರಿ ಕಾಕಾ?" ನಮ್ಮ ಹುಡುಗರೇ ಜಿದ್ದು ಹಿಡಿದರು. ಸುಳ್ಳು ಹೇಳಿದ್ದೆ ಎಂದರೆ ಸಾಕಿತ್ತು. ಆಮೇಲೆ ಸಂತೆಯಲ್ಲಿ ನನ್ನ ಮಾತನ್ನು ಯಾರು ನಂಬುತ್ತಾರೆ — ಸುಮ್ಮನಾದೆ. ನೀನು ಹೇಳಿದ್ದು ಇಷ್ಟೇ: "ಚೊಲೋ ಕಾಣಸ್ತದ್ರಿ. ಒಂದ್ಸಲ ಒದ್ದ್ ನೋಡ್ರಿ." ಯಾರೂ ಒದೆಯಲಿಲ್ಲ. ನೀನು ಮತ್ತೆ ಬರಲಿಲ್ಲ.

ನಿನ್ನ ಪ್ರಶ್ನೆ ಮಾತ್ರ ಬಿಡಲಿಲ್ಲ. ವರ್ಷಗಳ ಮೇಲೆ ಚಿಟಗುಪ್ಪದ ಬಸ್ಸಿನಲ್ಲಿ ಒಬ್ಬ ಮಾಸ್ತರರನ್ನು ಹಿಡಿದು ಕೇಳಿದೆ. ಬಿಳಿ ಬಿಸಿಲಿನೊಳಗೆ ಎಲ್ಲ ಬಣ್ಣಗಳೂ ಇವೆಯಂತೆ. ಗಾಳಿ ಕೆಂಪಿಗಿಂತ ನೀಲಿಯನ್ನು ಬಹಳ ಹೆಚ್ಚು ಚೆದುರಿಸುತ್ತದಂತೆ, ಹಾಗಾಗಿ ನೀಲಿ ಎಲ್ಲ ದಿಕ್ಕಿನಿಂದಲೂ ಕಣ್ಣಿಗೆ ಬರುತ್ತದಂತೆ. ಪರೀಕ್ಷಿಸದೆ ಏನನ್ನೂ ಕೊಳ್ಳುವವನಲ್ಲ ನಾನು. ಗಾಜಿನ ಲೋಟದ ನೀರಿಗೆ ನಾಲ್ಕು ಹನಿ ಹಾಲು ಬಿಟ್ಟು, ಕೋಣೆ ಕತ್ತಲು ಮಾಡಿ ಬ್ಯಾಟರಿಯ ಬೆಳಕು ಹಿಡಿದೆ. ಪಕ್ಕದಿಂದ ನೋಡಿದರೆ — ಹೌದು, ತಿಳಿ ನೀಲಿ! ಹಾಗಾದರೆ ನೀಲಿಗಿಂತಲೂ ಹೆಚ್ಚು ಚೆದುರುವ ನೇರಳೆ ಯಾಕಲ್ಲ ಎಂದು ನೀನಿದ್ದಿದ್ದರೆ ಕೇಳುತ್ತಿದ್ದೆ. ಅದನ್ನೂ ಕೇಳಿಕೊಂಡು ಬಂದೆ: ಬಿಸಿಲಲ್ಲಿ ನೇರಳೆ ಕಡಿಮೆ, ನಮ್ಮ ಕಣ್ಣು ಅದನ್ನು ಅಷ್ಟಾಗಿ ಹಿಡಿಯುವುದೂ ಇಲ್ಲ.

ಆಳು ಆರಿಸುವವರಿಗೆ ನನ್ನದೊಂದು ಮಾತು: ಮೆಚ್ಚಿದರೆ ಎದುರಿಗೇ ಮೆಚ್ಚಿರಿ. ಮನುಷ್ಯ ಎತ್ತಲ್ಲ, ಅವನಿಗೆ ಕೇಳಿಸುತ್ತದೆ.

ಶರಣಪ್ಪನಿಗೂ ನಮ್ಮ ಹುಡುಗರಿಗೂ ಈಗ ನಿಜ ಹೇಳಿದ್ದೇನೆ. "ಅಂವಾ ಈಗ ಎಲ್ಲಿದ್ದಾನ್ರಿ?" ಎಂದು ಒಬ್ಬ ಕೇಳಿದ. ತುಕಾರಾಮ, ನಿನ್ನ ಪ್ರಶ್ನೆಯ ಹಿಂದೆ ಅಷ್ಟು ತಿರುಗಿದ ನಾನು, ನಿನ್ನ ಮನೆಯತನಕ ಒಮ್ಮೆಯೂ ಬರಲಿಲ್ಲ.