ಲೆಫ್ಟ್ ಬ್ಯಾಕಿನ ಬಲಗೈ

ಕಳೆದ ತಿಂಗಳು ನಮ್ಮ ಹಾಕಿ ಸಂಘದ ಈಗಿನ ಕಾರ್ಯದರ್ಶಿ ಮನೆಗೆ ಬಂದು ಎಲೆ ಅಡಿಕೆಯ ಜೊತೆ ಒಂದು ತೆಂಗಿನಕಾಯಿ ಕೊಟ್ಟು ಹೋದ. ಸಿಪ್ಪೆ ಸುಲಿಯದ, ಒಣಗಿ ಬೂದುಬಣ್ಣಕ್ಕೆ ತಿರುಗಿದ್ದ ಕಾಯಿ. ತಮ್ಮ ಅಟ್ಟದ್ದೇ ಎಂದೂ, ವರ್ಷ ತುಂಬಿದೆಯೆಂದೂ, ಒಳಗೆ ಉಂಡೆ ಕೊಬ್ಬರಿ ಸಿದ್ಧವಾಗಿ ಕೂತಿದೆಯೆಂದೂ ಅದರ ಜಾತಕ ಓದಿದ. ಅವನು ಗೇಟು ದಾಟುವ ಮೊದಲೇ ನನ್ನ ಕೈ ಆ ಕಾಯಿಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿತ್ತು. ಕೊಬ್ಬರಿಯಾಗಿದ್ದರೆ ಉಂಡೆ ಚಿಪ್ಪಿಗೆ ಬಡಿದು ಕಟಕಟ ಎನ್ನಬೇಕು. ಇದು ತಳದಲ್ಲೆಲ್ಲೋ ಸಣ್ಣಗೆ ಕುಳುಕ್ ಎಂದಿತು. ಇನ್ನೂ ನೀರಿತ್ತು...

ಹಾಗೆ ಅಲ್ಲಾಡಿಸಿ ಕೇಳುವುದನ್ನು ನನಗೆ ಕಲಿಸಿದವರು ನಮ್ಮ ಪಕ್ಕದ ಮನೆಯ ದೊಡ್ಡಪ್ಪ. ರಕ್ತಸಂಬಂಧವೇನೂ ಇರಲಿಲ್ಲ, ಗೋಡೆ ಒಂದೇ ಆಗಿದ್ದರಿಂದ ದೊಡ್ಡಪ್ಪ.

ಕಾರ್ಯದರ್ಶಿ ಬಂದದ್ದು ಕಾಯಿ ಕೊಡಲಿಕ್ಕಲ್ಲ. ಸಂಘದ ಸ್ಮರಣ ಸಂಚಿಕೆಗೆ ನಾನೊಂದು ಲೇಖನ ಬರೆಯಬೇಕಂತೆ. ವಿಷಯ, ತೊಂಬತ್ತರ ದಶಕದ ನಮ್ಮ ತಂಡದ ಬ್ಯಾಕ್ ಆಟಗಾರರ ಗುಣದೋಷಗಳು. ಒಪ್ಪಿಕೊಂಡೆ. ಅಂದು ಸಂಜೆಯೇ ಅವನ ಫೋನು ಬಂತು. ದೋಷ ಬೇಡವಂತೆ, ಗುಣ ಮಾತ್ರ ಸಾಕಂತೆ, ಸಮಿತಿಯಲ್ಲಿ ತೀರ್ಮಾನವಾಗಿದೆಯಂತೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಅರ್ಧ ವಿಳಾಸ ಬರೆದು ಪೂರ್ತಿ ತಲುಪಿಸಿ ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೂ ಇದು ಹೊಸದು.

ಸಂಚಿಕೆಯ ಕರಡನ್ನೂ ಬಿಟ್ಟುಹೋಗಿದ್ದ, ನೋಡಿದೆ. ಶಾಮಿಯಾನ ಹಾಕಿಸಿದವರ ಹೆಸರಿದೆ. ಬಿಡುವಿನಲ್ಲಿ ನಿಂಬೆಹಣ್ಣು ಕತ್ತರಿಸಿ ಕೊಟ್ಟವರ ಹೆಸರಿದೆ. ಚೆಂಡನ್ನು ಕೆರೆಗೆ ಹೊಡೆದು ಕಳೆದವನ ಭಾವಚಿತ್ರ ಅರ್ಧ ಪುಟ ಆವರಿಸಿದೆ. ದೊಡ್ಡಪ್ಪನ ಹೆಸರು ಎಲ್ಲಿಯೂ ಇಲ್ಲ. ಈ ತಾಲ್ಲೂಕಿನಲ್ಲಿ ಬ್ಯಾಕ್‌ಗಳ ಗುಣದೋಷ ಹೇಳುವ ಯೋಗ್ಯತೆ ಇದ್ದದ್ದು ಅವರೊಬ್ಬರಿಗೆ. ಹೋಗಲಿ, ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಸಂಘಕ್ಕೆ ಬೇಡವಾದ ಹೆಸರನ್ನು ಸಂಘದ ಪುಸ್ತಕಕ್ಕೆ ಬಿಟ್ಟಿಯಾಗಿ ಯಾಕೆ ಕೊಡಲಿ.

ದೊಡ್ಡಪ್ಪನ ಕಸುಬು ಕಾಯಿ ಕೇಳುವುದು. ರೈತರು ಕಾಯಿಗಳನ್ನು ಅಟ್ಟಕ್ಕೇರಿಸಿ ವರ್ಷದ ಹತ್ತಿರ ಬಿಡುತ್ತಾರಲ್ಲ, ಅದನ್ನು ಇಳಿಸಿ ಸುಲಿಸುವ ಮೊದಲು ಕೊಬ್ಬರಿ ಕೊಳ್ಳುವ ಮಂಡಿಯವರು ಇವರನ್ನು ಕಳಿಸುತ್ತಿದ್ದರು. ಇವರು ಏಣಿ ಹತ್ತಿ, ಅಟ್ಟದ ಕತ್ತಲಲ್ಲಿ ಕೂತು, ಒಂದೊಂದೇ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಆಗಿದೆ ಇಲ್ಲವೆಂದು ಹೇಳುತ್ತಿದ್ದರು. ಆಗದ ಕಾಯಿಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ ಎಳೆದು ಮತ್ತೆ ಮೂಲೆಗಿಡುತ್ತಿದ್ದರು, ಯಾವುದನ್ನೂ ಎಸೆಯುತ್ತಿರಲಿಲ್ಲ. ಅವರಿಗೆ ತೋಟವಿರಲಿಲ್ಲ, ಅಂಗಡಿಯಿರಲಿಲ್ಲ. ಇದ್ದದ್ದು ಎರಡು ಕಿವಿ ಮತ್ತು ಅವುಗಳ ಮೇಲೆ ತಿಪಟೂರಿನ ಮಂಡಿಗಳಿಗಿದ್ದ ನಂಬಿಕೆ. ಆ ನಂಬಿಕೆ ಹೋದರೆ ಮಾರಲು ಅವರ ಹತ್ತಿರ ಬೇರೇನೂ ಉಳಿಯುತ್ತಿರಲಿಲ್ಲ.

ಸಂಜೆಯಾದರೆ ಮೈದಾನಕ್ಕೆ ಬರುತ್ತಿದ್ದರು. ಗೋಲಿನ ಹಿಂದೆ ಒಂದು ಚಪ್ಪಡಿ ಕಲ್ಲಿತ್ತು. ಅದರ ಮೇಲೆ ನಮ್ಮ ಕಡೆ ಬೆನ್ನು ಹಾಕಿ, ರಸ್ತೆ ನೋಡುತ್ತ ಕೂರುತ್ತಿದ್ದರು. ಜನ್ಮದಲ್ಲಿ ಹಾಕಿ ಸ್ಟಿಕ್ ಹಿಡಿದವರಲ್ಲ. ಒಮ್ಮೆ ಹಿಡಿದದ್ದು ನಾಯಿ ಓಡಿಸಲು. ಆಟ ನೋಡದೆ ಆಟಗಾರರನ್ನು ಅಳೆಯುತ್ತಾರಲ್ಲ ಎಂದು ಹೊಸಬರು ನಗುತ್ತಿದ್ದರು. ನಾನೇ ಒಮ್ಮೆ ಕೇಳಿದ್ದೆ, ತಿರುಗಿ ಕೂರಬಾರದೇ ಎಂದು.

"ಕಣ್ಣು ಬಿಟ್ಟು ನೋಡುದ್ರೆ ಇವನು ನಮ್ಮೂರೋನು, ಇವನು ಪಕ್ಕದ ಮನೆಯೋನು ಅಂತ ಕಾಣ್ತದೆ ಕಣ್ಲಾ," ಎಂದರು. "ಕಿವೀಗೆ ಆ ರೋಗ ಇಲ್ಲ."

ಬ್ಯಾಕ್ ಎಂದರೆ ಗೋಲ್‌ಕೀಪರ್‌ನ ಮುಂದೆ ನಿಂತು ತಂಡದ ಮಾನ ಕಾಯುವ ಇಬ್ಬರು. ನಮ್ಮ ರೈಟ್ ಬ್ಯಾಕ್ ಸಂಘದ ಅಧ್ಯಕ್ಷರ ಅಳಿಯ. ಅಧ್ಯಕ್ಷರು ಊರಿನ ದೊಡ್ಡ ಕೊಬ್ಬರಿ ಮಂಡಿಯ ಯಜಮಾನರು, ಹಾಗಾಗಿ ಅಳಿಯ ಹುಟ್ಟಿನಿಂದಲೇ ರೈಟ್ ಬ್ಯಾಕ್. ಹೊಡೆದರೆ ಪಟಾಕಿ ಸಿಡಿದಂತಾಗುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ದೊಡ್ಡಪ್ಪ ಮಾತ್ರ ಆ ಸದ್ದಿನ ನಂತರದ ಸದ್ದನ್ನು ಕೇಳುತ್ತಿದ್ದರು. ಚೆಂಡು ಕಿಬ್ಬನಹಳ್ಳಿಯ ದಿಕ್ಕಿಗೆ ಹೋಗಿ ಎದುರಾಳಿಯ ಸ್ಟಿಕ್ಕಿಗೆ ಟಕ್ಕೆಂದು ಸಿಗುವುದು ಅವರಿಗೆ ಕೇಳಿಸುತ್ತಿತ್ತು. ಇವನು ಹೊಡೆಯುತ್ತಾನೆ, ಕೊಡುವುದಿಲ್ಲ ಎಂಬುದು ಅವರ ತೀರ್ಪು. ಬದಲಿಗೆಂದು ಕಾದಿರಿಸಿದ ಬ್ಯಾಕ್ ಅರಳಗುಪ್ಪೆಯ ರೈತರ ಮನೆಯ ಹುಡುಗ, ಸಣಕಲ. ದನಗಳಿಗೆ ನೀರು ಕುಡಿಸಿ, ಸೈಕಲ್ ತುಳಿದು ಅಭ್ಯಾಸಕ್ಕೆ ಬರುತ್ತಿದ್ದ. ಅವನ ಹೊಡೆತದಲ್ಲಿ ಜೀವವಿರಲಿಲ್ಲ, ನಿಜ. ಆದರೆ ಒಮ್ಮೆ ಸೋತರೆ ಅಲ್ಲೇ ತಿರುಗಿ ಓಡುತ್ತಿದ್ದ. ಕಾಲಿನ ಸದ್ದು ನಿಲ್ಲುತ್ತಲೇ ಇರಲಿಲ್ಲ.

ಲೆಫ್ಟ್ ಬ್ಯಾಕ್ ನಾನು.

ನನ್ನ ಗುಣವನ್ನು ದೊಡ್ಡಪ್ಪನೇ ಹೇಳಿದ್ದರು. ಎಷ್ಟೇ ಜೋರಾಗಿ ಬಂದ ಚೆಂಡೂ ನನ್ನ ಸ್ಟಿಕ್ಕಿಗೆ ತಗುಲಿದರೆ ಸದ್ದಿಲ್ಲದೆ ಸತ್ತುಬೀಳುತ್ತಿತ್ತಂತೆ. ಉಳಿದ ನನ್ನ ಆಟವೆಲ್ಲ ಇದ್ದದ್ದು ಬಲಗೈಯಲ್ಲಿ, ಅದೂ ಗಾಳಿಯಲ್ಲಿ. ಆ ಕಾಲಕ್ಕೆ ಹಾಕಿಯಲ್ಲಿ ಆಫ್‌ಸೈಡ್ ಎಂಬ ನಿಯಮವಿತ್ತು. ಎದುರಾಳಿಯ ಫಾರ್ವರ್ಡ್ ನಮ್ಮ ಬೆನ್ನ ಹಿಂದೆ ಬಂದು ಚೆಂಡಿಗೆ ಕಾದು ನಿಂತರೆ ಅದು ತಪ್ಪು. ನಾನು ಸರಿಯಾದ ಹೊತ್ತಿಗೆ ಎರಡು ಹೆಜ್ಜೆ ಮುಂದೆ ಬಂದು, ಅವನನ್ನು ಹಿಂದೆ ಬಿಟ್ಟು, ಬಲಗೈ ಮೇಲೆತ್ತಿ ನಿಲ್ಲುತ್ತಿದ್ದೆ. ಮಿಕ್ಕ ಕೆಲಸ ಅಂಪೈರ್‌ನದು. ಓಡದೆ, ಬೆವರದೆ, ಬರೀ ಒಂದು ಕೈಯಿಂದ ಎಷ್ಟೋ ಗೋಲು ತಡೆದಿದ್ದೇನೆ. ಇದರಲ್ಲಿ ನನಗೆ ಒಂದು ಬಗೆಯ ರಾಜಗಾಂಭೀರ್ಯವೂ ಬಂದಿತ್ತು.

ಅಂಥ ನಿಯಮವನ್ನು ತೆಗೆದುಹಾಕಿದರು. ಎಲ್ಲೋ ದೂರದೇಶದಲ್ಲಿ ಕೂತವರು, ತಿಪಟೂರಿನ ಲೆಫ್ಟ್ ಬ್ಯಾಕನ್ನು ಒಂದು ಮಾತು ಕೇಳದೆ. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ತಾಲ್ಲೂಕುಗಳ ನಡುವಿನ ಟೂರ್ನಿ ಫೈನಲ್ಲಿಗೆ ಬಂದಿತ್ತು. ಫೈನಲ್ ಹೊಸ ನಿಯಮದಲ್ಲೇ ನಡೆಯುತ್ತದೆಂದು ಡ್ರಿಲ್ ಮೇಷ್ಟ್ರು ಓದಿ ಹೇಳಿದರು. ನಾನು ಅದನ್ನು ತಾತ್ಕಾಲಿಕ ಅವಿವೇಕವೆಂದು ಬಗೆದು ಕಡೆಗಣಿಸಿದೆ.

ಫೈನಲ್ಲಿಗೆ ನಾಲ್ಕು ದಿನವಿರುವಾಗ ಅಧ್ಯಕ್ಷರು ಹೋಟೆಲಿನ ಮಹಡಿಯ ಮೇಲೆ ಸಭೆ ಕರೆದರು. ದೊಡ್ಡಪ್ಪನನ್ನೂ ಕರೆಸಿ, ಬ್ಯಾಕ್‌ಗಳ ಬಗ್ಗೆ ಅಂಜದೆ ಹೇಳಿ ಎಂದರು. ಅಂಜದೆ ಹೇಳಿ ಎಂದು ಕೇಳುವವರಿಗೆ ಅಂಜಿಯೇ ಹೇಳಬೇಕೆಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಅಳಿಯನ ವಿಷಯ ಮೊದಲು ಹೇಳಿದರು. ಅಧ್ಯಕ್ಷರ ಮುಖ ಸಣ್ಣದಾಯಿತು. ಆಮೇಲೆ ನನ್ನ ಕಡೆ ತಿರುಗಿದರು.

"ಇನ್ಮೇಲೆ ಅವರೋನು ನಿನ್ನ ಬೆನ್ನಿಂದೇನೇ ನಿಂತ್ಕತಾನೆ. ಆ ಕೈ ಎತ್ತೋದು ಬುಡು, ತಿರುಗಿ ಓಡೋದು ಕಲಿ. ನಾಕು ದಿನದಲ್ಲಿ ಆಗಾಕಿಲ್ಲ ಅಂದ್ರೆ ಅರಳಗುಪ್ಪೆಯೋನ್ನ ನಿಲ್ಲಿಸ್ಲಿ. ನಿನ್ನೊಳಗೆ ಇನ್ನೂ ನೀರೈತೆ ಕಣ್ಲಾ."

ಎಲ್ಲರೂ ನಕ್ಕರು. ಅಳಿಯ ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನನ್ನು ಕೈಬಿಡುವ ಪ್ರಶ್ನೆಯೇ ಬರಲಿಲ್ಲ, ಏಕೆಂದರೆ ಕರಪತ್ರದಲ್ಲಿ ನನ್ನ ಫೋಟೋ ಅಚ್ಚಾಗಿಬಿಟ್ಟಿತ್ತು. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ಆ ನಾಲ್ಕು ದಿನ ದೊಡ್ಡಪ್ಪನ ಜೊತೆ ಮಾತು ಬಿಟ್ಟೆ. ಅಮ್ಮ ಮಾತ್ರ ಗೋಡೆಯ ಮೇಲಿಂದ ಹುಳಿ ಕೊಡುವುದನ್ನು ಬಿಡಲಿಲ್ಲ. ಅಡುಗೆಮನೆಗೆ ನನ್ನ ಸ್ವಾಭಿಮಾನದ ಪರಿಚಯವಿರಲಿಲ್ಲ.

ಫೈನಲ್ ತುರುವೇಕೆರೆ ಕಡೆಯವರ ಮೇಲೆ. ಕೊನೆಯ ಹತ್ತು ನಿಮಿಷದವರೆಗೆ ಯಾರೂ ಗೋಲು ಹೊಡೆದಿರಲಿಲ್ಲ. ಆಗ ಅವರ ಕಡೆಯಿಂದ ಒಂದು ಉದ್ದನೆಯ ಚೆಂಡು ಬಂತು. ಅವರ ಫಾರ್ವರ್ಡ್ ನನ್ನ ಬೆನ್ನ ಹಿಂದೆ ಒಬ್ಬನೇ ನಿಂತಿದ್ದ, ದೊಡ್ಡಪ್ಪ ಹೇಳಿದ್ದ ಜಾಗದಲ್ಲೇ. ನಾನು ಎರಡು ಹೆಜ್ಜೆ ಮುಂದೆ ಬಂದೆ. ಬಲಗೈ ಮೇಲೆತ್ತಿದೆ. ಅಂಪೈರ್ ಆ ಕೈಯನ್ನು, ಬಸ್ಸಿಗೆ ಯಾರೋ ಕೈ ತೋರಿಸುತ್ತಿದ್ದಾರೆ ಎಂಬಂತೆ ನೋಡಿದ. ಚೆಂಡು ನನ್ನ ಪಕ್ಕದಲ್ಲೇ ಹಾದುಹೋಯಿತು. ತಿರುಗಿ ಓಡಿದ್ದರೆ ಸಿಗುತ್ತಿತ್ತೇ... ಸಿಗುತ್ತಿತ್ತು ಎಂದೇ ಈಗಲೂ ಅನಿಸುತ್ತದೆ. ನಾನು ನಿಂತೇ ಇದ್ದೆ. ಗೋಲಿನ ಹಲಗೆಗೆ ಚೆಂಡು ಬಡಿದ ಸದ್ದು ಕೇಳಿದ ಮೇಲೂ ಕೈ ಇಳಿಸಿರಲಿಲ್ಲ.

ಮಾರನೆಯ ಸಂಜೆ ಅದೇ ಮಹಡಿಯ ಮೇಲೆ ವಿಚಾರಣೆ. ನಿಯಮ ಗೊತ್ತಿದ್ದೂ ಕೈ ಎತ್ತಿದವನನ್ನು ಯಾರೂ ಏನೂ ಕೇಳಲಿಲ್ಲ. ಅಧ್ಯಕ್ಷರು ಕಂಡುಹಿಡಿದದ್ದೇ ಬೇರೆ. ಆಟಕ್ಕೆ ಮೊದಲೇ ಅಪಶಕುನ ನುಡಿದು ಹುಡುಗರ ಮನಸ್ಸು ಮುರಿದವರು ಒಬ್ಬರಿದ್ದಾರೆ, ಅವರ ಬಾಯಿ ಒಳ್ಳೆಯದಲ್ಲ, ಆ ಬಾಯಿಂದಲೇ ಗೋಲಾಯಿತು. ಓದಿದವರು, ಮೇಷ್ಟ್ರುಗಳು, ವಕೀಲರೊಬ್ಬರು, ಎಲ್ಲರೂ ತಲೆಯಾಡಿಸಿದರು. ದೊಡ್ಡಪ್ಪ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದರು. ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನೀನೇ ಹೇಳಪ್ಪ. ಇವರ ಮಾತಿಂದ ನಿನ್ನ ಮನಸ್ಸು ಕೆಟ್ಟಿತ್ತೋ ಇಲ್ವೋ?"

ಒಂದೇ ವಾಕ್ಯ ಸಾಕಿತ್ತು. ಅವರು ಹೇಳಿದ್ದು ಸರಿ, ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು. ನಾನು, ಸ್ವಲ್ಪ ಬೇಜಾರಾಗಿತ್ತು ಎಂದೆ. ಸುಳ್ಳಲ್ಲ. ಬೇಜಾರಾಗಿತ್ತು. ಅಷ್ಟು ನಾಜೂಕಾದ ನಿಜವನ್ನು ನಾನು ಬದುಕಿನಲ್ಲಿ ಇನ್ನೊಮ್ಮೆ ಹೇಳಿಲ್ಲ.

ದೊಡ್ಡಪ್ಪ ಎದ್ದರು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ಅಧ್ಯಕ್ಷರಿಗಲ್ಲ, ನನಗೆ ಹೇಳಿದರು.

"ನೀನು ಕೈ ಎತ್ತಿದ್ದು ನಂಗೆ ಕೇಳುಸ್ತು ಕಣ್ಲಾ."

ಬೆನ್ನು ಹಾಕಿ ಕೂತವರಿಗೆ ಕೈ ಎತ್ತಿದ್ದು ಹೇಗೆ ಕೇಳಿಸುತ್ತದೆ ಎಂದು ವಕೀಲರು ನಗುತ್ತ ಪಾಟೀಸವಾಲು ಹಾಕಿದರು.

"ಚೆಂಡು ಓಡ್ತಿತ್ತು. ಇವನ ಕಾಲು ನಿಂತೋಗಿತ್ತು," ಎಂದು ಮೆಟ್ಟಿಲಿಳಿದು ಹೋದರು.

ಆಮೇಲೆ ಮೈದಾನಕ್ಕೆ ಬರಲಿಲ್ಲ. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಚಪ್ಪಡಿಯನ್ನು ಎತ್ತಿಸಿ ಅಲ್ಲಿ ಅಧ್ಯಕ್ಷರು ಕಾರು ನಿಲ್ಲಿಸತೊಡಗಿದರು, ಅಷ್ಟೇ. ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಮೊದಲು ಅಧ್ಯಕ್ಷರ ಮಂಡಿಯವರು ಅವರನ್ನು ಅಟ್ಟಕ್ಕೆ ಕಳಿಸುವುದನ್ನು ಬಿಟ್ಟರು. ನಂತರ ಉಳಿದ ಮಂಡಿಗಳವರು. ಆ ಬಾಯಿ ಆಗಿಲ್ಲ ಎಂದರೆ ಆದ ಕಾಯಿಯೂ ಕೊಳೆಯುತ್ತದೆ ಎಂಬ ಮಾತು ಚಿಕ್ಕನಾಯಕನಹಳ್ಳಿಯವರೆಗೆ ಹೋಯಿತು. ಅವರು ತೀರ್ಪು ಹೇಳಿದ ಕಾಯಿಗಳಲ್ಲಿ ಒಂದಾದರೂ ಸುಳ್ಳಾಗಿದ್ದನ್ನು ತೋರಿಸಿ ಎಂದು ಕೇಳುವ ಗಂಡಸು ಇಡೀ ಪೇಟೆಯಲ್ಲಿ ಇರಲಿಲ್ಲ. ನಾನಂತೂ ಪೇಟೆಯವನೇ ಅಲ್ಲ, ಅಂಚೆ ಕಚೇರಿಯವನು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಎರಡು ವರ್ಷದ ಮೇಲೆ ದೊಡ್ಡಪ್ಪ ನನ್ನ ಕೌಂಟರಿಗೆ ಬಂದರು. ದಬ್ಬೇಘಟ್ಟದಲ್ಲಿದ್ದ ಮಗಳ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಗಿತ್ತು. ಕಾಗದಗಳು ಅಲ್ಲಿಗೆ ಬರುವಂತೆ ವಿಳಾಸ ಬದಲಾಯಿಸಬೇಕಿತ್ತು. ಅರ್ಜಿ ನಾನೇ ತುಂಬಿದೆ. ರುಜು ಮಾಡುತ್ತ, "ಆಡ್ತಾ ಇದ್ದೀಯೇನ್ಲಾ?" ಎಂದರು. ಮಂಡಿನೋವು, ಬಿಟ್ಟೆ ಎಂದೆ. ತಲೆಯಾಡಿಸಿ ಹೊರಟರು. ಸಿಮೆಂಟಿನ ನೆಲದ ಮೇಲೆ ಚಪ್ಪಲಿಯ ಸದ್ದು ಬಾಗಿಲವರೆಗೂ ಕೇಳುತ್ತಿತ್ತು. ಕೌಂಟರಿನ ಪಕ್ಕದ ಹಲಗೆ ಎತ್ತಿದರೆ ಅವರನ್ನು ಸೇರಲು ಮೂರು ಹೆಜ್ಜೆ. ಸರದಿಯಲ್ಲಿ ಒಬ್ಬರೇ ಒಬ್ಬರಿದ್ದರು, ಅವರಿಗೂ ಅವಸರವಿರಲಿಲ್ಲ. ನಾನು ಕೂತೇ ಇದ್ದೆ...

ಮತ್ತೆ ಕೆಲವು ವರ್ಷ ಕಳೆದ ಮೇಲೆ ಸಂಘ ಏನೋ ಸಮಾರಂಭವೆಂದು ಹಳೆಯ ಪಟ್ಟಿ ನೋಡಿಕೊಂಡು ಎಲ್ಲರಿಗೂ ಆಮಂತ್ರಣ ಕಳಿಸಿತು. ಮರೆವಿನಿಂದ ದೊಡ್ಡಪ್ಪನಿಗೂ ಒಂದು. ಅದು ದಬ್ಬೇಘಟ್ಟಕ್ಕೆ ಹೋಗಿ ವಾಪಸು ನನ್ನ ಮೇಜಿಗೇ ಬಂತು. ಅಲ್ಲಿನ ಪೋಸ್ಟ್‌ಮನ್ ವಿಳಾಸದ ಮೇಲೆ ಅಡ್ಡ ಗೆರೆ ಎಳೆದು, 'ಮೃತರಾಗಿದ್ದಾರೆ, ಕಳಿಸಿದವರಿಗೆ ಹಿಂತಿರುಗಿಸಿ' ಎಂದು ಬರೆದಿದ್ದ. ನಿಯಮದಂತೆ ಮೊಹರು ಒತ್ತಿದೆ. ನಿಯಮ ನನಗೆ ಯಾವಾಗಲೂ ಚೆನ್ನಾಗಿ ಗೊತ್ತು. ಸಂಘದವರು ಆ ಲಕೋಟೆ ನೋಡಿ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಸ್ಮರಣ ಸಂಚಿಕೆಯಲ್ಲಿ ಆ ಹೆಸರು ಇಲ್ಲದಿರುವುದಕ್ಕೆ ಇಷ್ಟೇ ಕಾರಣವಂತೆ, ಕಾರ್ಯದರ್ಶಿ ಮುಗ್ಧನಾಗಿ ವಿವರಿಸಿದ.

ನಿನ್ನೆ ಅವನ ಫೋನು ಮತ್ತೆ ಬಂತು. ಲೇಖನ ಸಿದ್ಧವೆಂದು ಹೇಳಿ, ಲೆಫ್ಟ್ ಬ್ಯಾಕಿನ ಭಾಗವನ್ನು ಓದಿದೆ. ಗುಣ: ನಿಲ್ಲಿಸಿದ ಚೆಂಡು ಸದ್ದು ಮಾಡುತ್ತಿರಲಿಲ್ಲ. ದೋಷ: ದಾಟಿ ಹೋದವರ ಹಿಂದೆ ತಿರುಗಿ ಓಡುತ್ತಿರಲಿಲ್ಲ. ತೀರ್ಪು ನನ್ನದಲ್ಲ, ಗೋಲಿನ ಹಿಂದೆ ಕೂರುತ್ತಿದ್ದವರದು.

ಅವನು, ಜಾಗ ಕಡಿಮೆ ಇದೆ ಸಾರ್, ಯಾವುದಾದರೂ ಒಂದನ್ನು ತೆಗೆಯಬೇಕಾಗುತ್ತದೆ ಎಂದ.

ಗುಣ ತೆಗೆಯಪ್ಪ ಎಂದೆ.

ಅವನು ಕೊಟ್ಟ ಕಾಯಿ ಇನ್ನೂ ಮೇಜಿನ ಮೇಲೆಯೇ ಇತ್ತು. ನಮ್ಮ ಈಗಿನ ಮನೆಗೆ ಅಟ್ಟವಿಲ್ಲ, ಒಲೆಯಲ್ಲಿ ಇದ್ದಿಲೂ ಇಲ್ಲ. ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಬೀರುವಿನ ಮೇಲೆ ಇಟ್ಟಿದ್ದೇನೆ.