ವಾಟಿ ಅದೇ, ಅನ್ನ ಮಾತ್ರ ಹೆಚ್ಚಾಯಿತು

ಗೆಳೆಯರೇ, ವಿಜಯಪುರದ ತಕ್ಕಡಿಗಳೆಲ್ಲ ನನ್ನ ಕೈ ನೋಡಿಯೇ ತೂಗಲು ಕಲಿತಿವೆ. ಇವತ್ತು ಜಲನಗರದಲ್ಲಿ, ನಾನು ಉಳಿದುಕೊಂಡಿರುವ ಮನೆಯಲ್ಲಿ, ಅಣ್ಣನ ಮಗಳು ಗಿರಿಜಾ ನನ್ನ ಊಟಕ್ಕೇ ತಕ್ಕಡಿ ತಂದಿಟ್ಟಳು.

“ಕಾಕಾ, ನಿಮ್ಮ ಸಕ್ಕರಿ ಕಾಯಿಲೆಗೆ ಡಾಕ್ಟರು ನೂರೈವತ್ತು ಗ್ರಾಂ ಅನ್ನ ಅಷ್ಟ ಅಂದಾರ.”

“ತಕ್ಕಡಿ ಯಾಕಬೇ? ಈ ವಾಟಿ ತುಂಬಿದ್ರ ನೂರೈವತ್ತ ನೋಡು!”

ಅವಳು ಆ ಬಟ್ಟಲಿಗೆ ಚಮಚದಿಂದ ಉದುರುದುರಾಗಿ ತುಂಬಿ ತೂಗಿದಳು. ಸರಿಯಾಗಿ ನೂರೈವತ್ತು! ಇನ್ನು ದಿನಾಲೂ ವಾಟಿಯಲ್ಲೇ ಅಳೆಯೋಣ ಎಂದು ಒಪ್ಪಿದಳು. ಗೆದ್ದ ಹುರುಪಿನಲ್ಲಿ ಅದೇ ವಾಟಿಗೆ ನಾನೇ ಇನ್ನಷ್ಟು ಅನ್ನ ಒತ್ತಿ ತುಂಬಿ, ತುಪ್ಪ ಸುರಿದುಕೊಂಡೆ. ಆಕೆ ಮತ್ತೆ ತೂಗಿದಳು. ಇನ್ನೂರ ನಲವತ್ತು!

“ಯಪ್ಪಾ, ಇದೇನ್ ಕಾಕಾ?”

“ನಮ್ಮೂರು ಕಾಖಂಡಕ್ಯಾಗ ವಾಟಿ ಹಿಂಗ ತುಂಬ್ತಾರವಾ.”

“ಇಲ್ಲೆ ಹಿಂಗ ತಗೀತಾರ” ಎಂದು ಚಮಚ ಹಾಕಿ ಹೆಚ್ಚಿನದನ್ನು ತೆಗೆದಳು.

ಊರಲ್ಲಿರುವ ಹೆಂಡತಿಗೆ ಫೋನಿನಲ್ಲಿ ಒಂದು ತುತ್ತು ಹೋಯಿತು ಎಂದಿದ್ದೇನೆ. ಹೋದದ್ದು ತೊಂಬತ್ತು ಗ್ರಾಂ. ಅದೂ ತುಪ್ಪ ಬಿದ್ದಿದ್ದ ಭಾಗ.